ಪಾಲಣ್ಣ ಸಾರಿದ ಗರ್ಭಶಾಸ್ತ್ರ

ಪಾಲಣ್ಣ ಸಾಯುವ ಹಿಂದಿನ ದಿನ ಮಂಗಳವಾರ. ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಬೆಳಿಗ್ಗೆ ಎದ್ದು ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿ, ಮುಖ ಒರೆಸಿಕೊಳ್ಳುತ್ತಾ ಒಲೆಯ ಮುಂದೆ ಬಂದು ಕೂತ. ಹೆಂಡತಿ ನರಸಿಂಹಮ್ಮ ಸಣ್ಣ ಗಡಿಗೆಗೆ ನೀರು ಹುಯ್ದು ಒಲೆಗಿಟ್ಟು, ಅದರೊಳಕ್ಕೆ ಹೊಕ್ಕುಳು ಕೊಯ್ಯುವ ಚಾಕು ಬಿಟ್ಟಳು. ನೀರು ಮರಳಿ ಗುಳ್ಳೆ ಎದ್ದ ಮೇಲೆ ಪಾಲಣ್ಣ ಎಡಗೈ ಚಾಚಿದ. ಬಲಗೈಯ ತೋರುಬೆರಳನ್ನು ಎಡಗೈಯ ಮೊದಲನೆ ಗೆರೆಯ ಮೇಲಿಟ್ಟು, ಬೀದಿಯಲ್ಲಿ ಸಾರುವ ಹಾಗೆ, ಆದರೆ ಮೆಲ್ಲಗೆ, ಹೇಳತೊಡಗಿದ.

"ಚರಿತ್ರೆ. ಖಗೋಳ. ಭೂಗರ್ಭ. ಸಸ್ಯ. ಪ್ರಾಣಿ. ರಸಾಯನ. ಭೌತ. ಗಣಿತ. ಅರ್ಥ. ರಾಜ್ಯ. ಮನಸ್ಸು. ವೈದ್ಯ."

"ತರ್ಕ ಬುಟ್ಟೆ" ಅಂದಳು ನರಸಿಂಹಮ್ಮ, ರಾಗಿ ಹಿಟ್ಟು ಅಳೆಯುತ್ತಾ.

"ಬುಟ್ನಾ?"

"ರಾಜ್ಯ ಆದ್ಮೇಲೆ ತರ್ಕ. ಹತ್ತು ವರ್ಸದಿಂದ ಹೇಳ್ತಾ ಇದೀಯ, ಇವತ್ತು ಬುಟ್ಟೆ."

"ತರ್ಕ ಎಲ್ಲಾ ನಿನ್ನ ಹತ್ರಾನೇ ಐತಲ್ಲಮ್ಮಿ. ಇನ್ನು ನಾನ್ಯಾಕೆ ಹೇಳ್ಲಿ."

ಅವಳು ನಗಲಿಲ್ಲ. ಮೊದಲಿಂದ ಹೇಳು ಅಂದಳು. ಅವನು ಮೊದಲಿಂದ ಹೇಳಿದ. ಹದಿನೈದು ಗೆರೆ ಮುಗಿದ ಮೇಲೆ ಚಾಕು ತೆಗೆದು, ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಸುತ್ತಿಟ್ಟಳು. ಅವನು ಸ್ಕೂಲಿಗೆ ಹೋದ. ಮಧ್ಯಾಹ್ನ ಬಂದು ಮುದ್ದೆ ಉಂಡ. ಸಾರಿಗೆ ಉಪ್ಪು ಕಮ್ಮಿ ಅಂದ. ಹಾಕ್ಕೋ ಅಂದಳು. ಸಾಯಂಕಾಲ ಮೇಕೆಯ ಹಗ್ಗಕ್ಕೆ ಗಂಟು ಹಾಕಿದ. ಅಷ್ಟೇ ಆ ದಿನ.

ಮಾರನೆ ದಿನ ಸ್ಕೂಲಿನಲ್ಲಿ ಎರಡನೆ ಗಂಟೆ ಬಾರಿಸುವಾಗ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತನಂತೆ. ಮೇಷ್ಟ್ರು ನೀರು ತರುವಷ್ಟರಲ್ಲಿ ಮುಗಿದಿತ್ತು. ಗಂಟೆ ಕೈಯಲ್ಲೇ ಇತ್ತಂತೆ. ಅದು ಸ್ಕೂಲಿನ ಗಂಟೆ, ಸ್ಕೂಲಿನಲ್ಲೇ ಉಳಿಯಿತು.

ಕಾಲೇಜಿನಲ್ಲಿ ಓದುವ ಶಾಸ್ತ್ರಗಳ ಹೆಸರು ಅವರ ಒಲೆಯ ಮುಂದಕ್ಕೆ ಹೇಗೆ ಬಂತು ಎಂದು ಕೇಳಿದವರಿಗೆಲ್ಲ ಪಾಲಣ್ಣ ತಾನೇ ಹೇಳುತ್ತಿದ್ದ. ಈಗ ಹೇಳುವವನು ಇಲ್ಲ.

ಪಾಲಣ್ಣನ ಮನೆತನ ಮಧುಗಿರಿ ಬೆಟ್ಟದ ಬುಡದಲ್ಲಿ, ಕೋಟೆ ಕಟ್ಟಿದ ಕಾಲದಿಂದ ಇದ್ದದ್ದು. ಅವನ ತಾತನ ತಾತ ಕೋಟೆ ಬಾಗಿಲಲ್ಲಿ ನಿಂತು ಕೂಗು ಹಾಕುತ್ತಿದ್ದನಂತೆ. ಕೋಟೆಗೆ ಕಾವಲು ಬೇಡವಾಯಿತು, ಗಂಟಲು ಮಾತ್ರ ಮನೆತನದಲ್ಲಿ ಉಳಿಯಿತು. ಪಾಲಣ್ಣ ಬೆಟ್ಟದ ಮೆಟ್ಟಿಲ ಮೇಲೆ ನಿಂತು ಕೂಗಿದರೆ ಕೆರೆ ಏರಿಯ ಮೇಲಿನ ದನ ಕಿವಿ ನಿಮಿರಿಸುತ್ತಿದ್ದವು. ಎರಡನೆ ಕ್ಲಾಸಿನವರೆಗೆ ಓದಿದ್ದ. ಅಕ್ಷರ ಕೂಡಿಸಿ ಓದಬಲ್ಲ, ತಪ್ಪಿಲ್ಲದೆ ಓದಲಾರ. ಅದೇ ಸ್ಕೂಲಿನಲ್ಲಿ ಜವಾನನಾದ.

ಊರಿಗೆ ಮಧುಗಿರಿ ಎಂದು ಹೊಸ ಹೆಸರು ಬಂದು ಏಳೆಂಟು ವರ್ಷವಾಗಿತ್ತು. ಹಳಬರ ಬಾಯಲ್ಲಿ ಇನ್ನೂ ಮದ್ದಗಿರಿಯೇ. ಆಗ ಮೈಸೂರು ಯೂನಿವರ್ಸಿಟಿಯವರು ಒಂದು ಏರ್ಪಾಡು ಮಾಡಿದರು. ಕಾಲೇಜಿಗೆ ಬರಲಾರದ ಜನಕ್ಕೂ ಕಾಲೇಜಿನ ವಿಷಯ ಗೊತ್ತಾಗಲಿ ಎಂದು, ಮೇಷ್ಟ್ರುಗಳನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸುತ್ತಿದ್ದರು. ಒಂದು ತಿಂಗಳು ಚರಿತ್ರೆ, ಒಂದು ತಿಂಗಳು ನಕ್ಷತ್ರ, ಇನ್ನೊಂದು ತಿಂಗಳು ಗಿಡಮರ. ಪಾಲಣ್ಣನ ಕೆಲಸ ಮೂರು. ಹಿಂದಿನ ದಿನ ಸ್ಕೂಲಿನ ಕೈಗಂಟೆ ಹಿಡಿದು ಬೀದಿಬೀದಿಯಲ್ಲಿ ಸಾರುವುದು, ಬೆಂಚು ಜೋಡಿಸುವುದು, ಚಿತ್ರ ತೋರಿಸುವ ಲಾಂದ್ರದ ಪೆಟ್ಟಿಗೆ ಹೊರುವುದು. ಅವನ ಗಂಟಲಿನ ಸುದ್ದಿ ಹಬ್ಬಿ ಕೊರಟಗೆರೆ, ಸಿರಾ, ಪಾವಗಡದ ಸ್ಕೂಲಿನವರೂ ಪೆಟ್ಟಿಗೆಯ ಜೊತೆಗೆ ಅವನನ್ನೂ ಕಳಿಸಿ ಎಂದು ಬರೆಯುತ್ತಿದ್ದರು.

ಅವನಿಗೆ ಅದು ಹಬ್ಬ. ಉಪನ್ಯಾಸ ಮುಗಿಯುವವರೆಗೆ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದ. ಮನೆಗೆ ಬಂದು, ಕೇಳಿದ್ದನ್ನು ಹೆಂಡತಿಗೆ ಒಪ್ಪಿಸುತ್ತಿದ್ದ. ಹುಣಿಸೆ ಎಲೆ ಸಂಜೆಗೆ ಮುಚ್ಚಿಕೊಳ್ಳುವುದು ಯಾಕೆ, ಗ್ರಹಣದಲ್ಲಿ ಚಂದ್ರನನ್ನು ಯಾರೂ ನುಂಗುವುದಿಲ್ಲ, ನಮ್ಮದೇ ನೆರಳು ಅದು. ನರಸಿಂಹಮ್ಮ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಅರ್ಧ ನಂಬುತ್ತಿದ್ದಳು. ಗಂಡ ಕುಡಿದು ಬಂದು ಒದರುವ ಮನೆಗಳು ಅಕ್ಕಪಕ್ಕದಲ್ಲಿದ್ದವು. ಅವಳ ಗಂಡ ಗ್ರಹಣ ಒದರುತ್ತಿದ್ದ. ಅದು ಅವಳಿಗೆ ಸಾಕಾಗಿತ್ತು.

ಪಾವಗಡದಲ್ಲಿ ಒಂದು ಸಲ ಹೀಗಾಯಿತಂತೆ. "ಸಸ್ಯಶಾಸ್ತ್ರ, ಸಸ್ಯಶಾಸ್ತ್ರ" ಎಂದು ಸಾರುತ್ತಾ ಹೋಗುವಾಗ ತೆಲುಗು ಮಾತಿನ ಒಬ್ಬ ಮುದುಕ ಅಡ್ಡ ಬಂದು, "ಏಮಿ ಶಾಸ್ತ್ರಮಪ್ಪಾ? ಪೆಳ್ಳಿದಾ?" ಅಂದ. ಮದುವೆ ಶಾಸ್ತ್ರವಾ ಎಂದು ಅವನ ಪ್ರಶ್ನೆ. ಅಲ್ಲ, ಗಿಡಗಳದ್ದು ಅಂದ ಪಾಲಣ್ಣ. "ಗಿಡಕ್ಕೂ ಮದ್ವೆನಾ ನಿಮ್ ಊರ್ಲೋ" ಎಂದು ಮುದುಕ ನಕ್ಕು ಹೋದ. ನಮ್ಮ ಕಡೆ ಶಾಸ್ತ್ರ ಅಂದರೆ ಮದುವೆ ಮನೆಯದ್ದು, ಇಲ್ಲ ಕಣಿ ಕೇಳುವುದು. ಮೂರನೆ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಪಾಲಣ್ಣನಿಗೂ ಪೂರ್ತಿ ಗೊತ್ತಿರಲಿಲ್ಲ. ಅದರಿಂದಲೇ ಆದದ್ದೆಲ್ಲ ಆಯಿತು.

ಆ ಹೊತ್ತಿಗೆ ನರಸಿಂಹಮ್ಮ ಮೂರು ಹೆತ್ತಿದ್ದಳು. ಮೂರೂ ಹೋಗಿದ್ದವು. ಮೊದಲನೆಯದು ಗಂಡು, ಎಂಟನೆ ದಿನ ಹೋಯಿತು. ಎರಡನೆಯದು ಹೆಣ್ಣು, ಏಳನೆ ದಿನ. ಮೂರನೆಯದು ಗಂಡು, ಅದೂ ಎಂಟನೆ ದಿನ. ಹುಟ್ಟುವಾಗ ಗಟ್ಟಿಯಾಗಿ ಅತ್ತವು, ಹಾಲು ಕುಡಿದವು. ಆರನೆ ದಿನಕ್ಕೆ ಮೊಲೆ ಹಿಡಿಯುವುದು ಬಿಟ್ಟವು. ಬಾಯಿ ಕಚ್ಚಿಕೊಂಡಿತು, ಬೆನ್ನು ಬಿಲ್ಲಿನ ಹಾಗೆ ಬಗ್ಗಿತು. ಬಾಲಗ್ರಹ ಅಂದರು. ತಾಯಿತ ಕಟ್ಟಿದರು. ನಾಗಲಮಡಿಕೆಗೆ ಹೋಗಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ಬಂದರು. ನಾಲ್ಕನೆಯದು ಹೊಟ್ಟೆಯಲ್ಲಿ ಆರು ತಿಂಗಳದ್ದಾದಾಗ ಅವಳು ಬೀದಿಯ ಹೆಂಗಸರ ಜೊತೆ ಮಾತು ಬಿಟ್ಟಳು. ಇದೂ ಹೋದರೆ ತಾನೂ ಹೋಗುತ್ತೇನೆ ಎಂದು ಗಂಡನಿಗೆ ಹೇಳಿದ್ದಳು. ಒಂದೇ ಸಲ ಹೇಳಿದ್ದಳು.

ಆ ವಾರ ಹೆಡ್‌ಮೇಷ್ಟ್ರು ರೇಣುಕಯ್ಯನವರು ಒಂದು ಚೀಟಿ ಬರೆದು ಕೊಟ್ಟರು. ನಾಳೆ ಐದು ಗಂಟೆಗೆ ಭೂಗರ್ಭಶಾಸ್ತ್ರದ ಉಪನ್ಯಾಸ, ಸಾರಿಕೊಂಡು ಬಾ. ಪಾಲಣ್ಣ ಅಕ್ಷರ ಕೂಡಿಸಿದ. ಗರ್ಭ ಅನ್ನುವುದು ಕಂಡಿತು. ಮುಂದೆ ಅವನ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಹೆಸರಿನ ಮುಂದೆ ಶ್ರೀ ಹಾಕುತ್ತಾರಲ್ಲ, ಹಾಗೆ ಶಾಸ್ತ್ರದ ಮುಂದೆ ಭೂ ಹಾಕಿದ್ದಾರೆ ಎಂದುಕೊಂಡ. ಯೂನಿವರ್ಸಿಟಿಯವರು ತನ್ನ ಮನೆಗೆಂದೇ ಇದನ್ನು ಕಳಿಸಿದ್ದಾರೆ ಎಂದುಕೊಂಡ.

ಅವನು ಆ ದಿನ ಗಂಟೆ ಬಾರಿಸಿದ ರಭಸ ನರಸಿಂಹಮ್ಮನಿಗೆ ಮನೆಯೊಳಗೆ ಕೇಳಿಸಿತು.

"ನಾಳೆ ಐದು ಗಂಟೆಗೆ ಇಸ್ಕೂಲ್ ಮುಂದೆ ಗರ್ಭಶಾಸ್ತ್ರ ಹೇಳ್ತಾರೆ. ಮೈಸೂರಿಂದ ದೊಡ್ಡ ಮೇಷ್ಟ್ರು ಬತ್ತಾರೆ. ಬಸುರೇರು ಬಾಣಂತೇರು ತಪ್ಪದೆ ಬರಬೇಕು."

ಕೊನೆಯ ಮಾತು ಚೀಟಿಯಲ್ಲಿ ಇರಲಿಲ್ಲ. ಅದು ಅವನದೇ.

ಮಾರನೆ ದಿನ ಸ್ಕೂಲಿನ ಮುಂದೆ ಐವತ್ತು ಹೆಂಗಸರು ಸೇರಿದರು. ಯಾವ ಉಪನ್ಯಾಸಕ್ಕೂ ಹೆಂಗಸರು ಬಂದದ್ದೇ ಇಲ್ಲ. ಮುಂದಿನ ಸಾಲಿನಲ್ಲಿ ಊರಿನ ಸೂಲಗಿತ್ತಿ ಕೆಂಚಮ್ಮ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದಳು. ಎಲ್ಲರೂ ಅವಳನ್ನು ಕೆಂಚಜ್ಜಿ ಅನ್ನುತ್ತಿದ್ದರು. ನರಸಿಂಹಮ್ಮ ಸೆರಗು ಹೊದ್ದು ಅವಳ ಪಕ್ಕ ಕೂತಳು. ಗಂಡಸರು ಹಿಂದೆ ನಿಂತು ಕಿಸಿಕಿಸಿ ನಗುತ್ತಿದ್ದರು.

ಮೈಸೂರಿನ ಮೇಷ್ಟ್ರ ಹೆಸರು ಪರ್ವತಯ್ಯ. ತೆಳ್ಳಗಿನ ಮನುಷ್ಯ. ಜರಿ ಪೇಟ, ಕರೀ ಕೋಟು. ಚೀಲದಿಂದ ಒಂದೊಂದೇ ಕಲ್ಲು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ತಲೆ ಎತ್ತಿ ನೋಡಿ, ಐವತ್ತು ಹೆಂಗಸರನ್ನು ಕಂಡು ಕೈ ಹಾಗೇ ನಿಲ್ಲಿಸಿದರು.

ಕೆಂಚಜ್ಜಿ ಎದ್ದು ಹೋಗಿ ಒಂದು ಕಲ್ಲು ಕೈಗೆ ತಗೊಂಡಳು. "ಸ್ವಾಮಿ, ಇದನ್ನ ತೇದು ನೆಕ್ಕುಸೋದಾ, ಇಲ್ಲ ಸೊಂಟಕ್ಕೆ ಕಟ್ಟೋದಾ?"

"ಯಾಕಮ್ಮ?"

"ಬಸುರಿಗೆ."

ಹಿಂದೆ ನಿಂತವರು ಹೊಟ್ಟೆ ಹಿಡಿದು ನಕ್ಕರು. ರೇಣುಕಯ್ಯನವರ ಮುಖ ಕೆಂಪಾಯಿತು. "ಏನೋ ಸಾರಿದೆ ನೀನು?" ಎಂದು ಪಾಲಣ್ಣನ ಕಡೆ ತಿರುಗಿದರು. "ಭೂಗರ್ಭ ಕಣೋ. ಭೂಮಿ ಒಳಗಿನ ಕಲ್ಲು ಮಣ್ಣಿನ ಶಾಸ್ತ್ರ. ಬಸುರಿ ಬಾಣಂತಿ ಅಂತ ಯಾರು ಬರೆದುಕೊಟ್ಟರು ನಿನಗೆ?"

ಪಾಲಣ್ಣ ಕಂಬ ಹಿಡಿದುಕೊಂಡ. ಹೆಂಗಸರು ಸೆರಗು ಸರಿಮಾಡಿಕೊಂಡು ಏಳತೊಡಗಿದರು.

ಪರ್ವತಯ್ಯನವರು ಮಾತ್ರ ನಗಲಿಲ್ಲ. ಅದನ್ನು ನರಸಿಂಹಮ್ಮ ಇವತ್ತಿಗೂ ಮರೆತಿಲ್ಲ. "ಬಯ್ಯಬೇಡಿ ಹೆಡ್‌ಮೇಷ್ಟ್ರೆ" ಅಂದರು. "ಹೋದ ಊರಿನಲ್ಲಿ ಹನ್ನೊಂದು ಜನ ಬಂದಿದ್ದರು. ಅದರಲ್ಲಿ ಮೂವರು ನಿದ್ದೆ ಮಾಡಿದರು. ಕೂತುಕೊಳ್ಳಿ ತಾಯಂದಿರೆ. ನೀವು ಏನು ಕೇಳಬೇಕು ಅಂತ ಬಂದಿರಿ?"

ಗಂಡಸರ ಮುಂದೆ ಯಾವ ಹೆಂಗಸು ಮಾತಾಡುತ್ತಾಳೆ. ನರಸಿಂಹಮ್ಮ ಎದ್ದು ನಿಂತಳು. ಹೇಗೆ ನಿಂತಳೋ ಅವಳಿಗೇ ಗೊತ್ತಿಲ್ಲ.

"ಸ್ವಾಮಿ, ನಂದು ಮೂರು ಮಕ್ಳು ಹೋದ್ವು. ಏಳನೆ ದಿನ, ಎಂಟನೆ ದಿನ. ಬಾಯಿ ಕಚ್ಕಂಡು. ಅದು ಯಾಕೆ ಅಂತ ಯಾವ ಶಾಸ್ತ್ರದಾಗೆ ಐತೆ?"

ನಗು ನಿಂತಿತು. ಪರ್ವತಯ್ಯನವರು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟರು.

"ನನ್ನ ಶಾಸ್ತ್ರದಲ್ಲಿ ಇಲ್ಲ ತಾಯಿ" ಅಂದರು. "ನನಗೆ ಗೊತ್ತಿಲ್ಲ. ಗೊತ್ತಿರೋರು ನಮ್ಮ ಮೈಸೂರಲ್ಲೇ ಇದ್ದಾರೆ. ನಿಮಗೆ ಈಗ ಎಷ್ಟು ತಿಂಗಳು?"

"ಆರು."

ಕೋಟಿನ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು. ಅವಳು ಹೇಳಿದ್ದನ್ನೇ ಬರೆದುಕೊಂಡರು. ಏಳನೆ ದಿನ, ಎಂಟನೆ ದಿನ, ಬಾಯಿ ಕಚ್ಚಿಕೊಂಡು. ಬೆರಳು ಮಡಿಸಿ ತಿಂಗಳು ಎಣಿಸಿದರು. "ಅಷ್ಟರೊಳಗೆ ಕಳಿಸ್ತೀನಿ" ಅಂದರು. ಆಮೇಲೆ, "ಬಂದದ್ದು ಬಂದಿದ್ದೀರಿ, ಎದುರಿಗಿರೋ ಬೆಟ್ಟದ ವಿಷಯ ಕೇಳಿಕೊಂಡು ಹೋಗಿ" ಎಂದು ಶುರುಮಾಡಿದರು. ಮಧುಗಿರಿ ಬೆಟ್ಟ ಪೂರಾ ಒಂದೇ ಕಲ್ಲು, ಒಂದು ಕಾಲಕ್ಕೆ ಭೂಮಿಯ ಹೊಟ್ಟೆಯಲ್ಲಿ ಬೆಲ್ಲದ ಪಾಕದ ಹಾಗೆ ಕರಗಿ ಇತ್ತು, ಆರಿ ಗಟ್ಟಿಯಾಗುವುದಕ್ಕೆ ಲೆಕ್ಕವಿಲ್ಲದಷ್ಟು ವರ್ಷ ಹಿಡಿಯಿತು. ಹೆಂಗಸರು ಕೂತು ಕೇಳಿದರು. ಹೋಗುವಾಗ ಕೆಂಚಜ್ಜಿ, "ಹೆಸರೂ ಪರ್ವತಯ್ಯ, ಹೇಳಿದ್ದೂ ಬೆಟ್ಟ. ಸುಳ್ಳು ಹೇಳೋ ಮುಖ ಅಲ್ಲ ಬುಡು" ಅಂದಳು.

ಪಾಲಣ್ಣ ಎರಡು ದಿನ ಬೀದಿಗೆ ತಲೆ ಹಾಕಲಿಲ್ಲ. ಹೋದರೆ, "ಏನ್ ಪಾಲಣ್ಣ, ಬೆಟ್ಟಕ್ಕೆ ಎಷ್ಟು ತಿಂಗಳು?" ಎಂದು ಕೇಳುತ್ತಿದ್ದರು. ಮೂರನೆ ದಿನ ರೇಣುಕಯ್ಯನವರ ಮುಂದೆ ನಿಂತು, ಇನ್ನು ಮೇಲೆ ಪ್ರತಿ ಶಾಸ್ತ್ರದ ಅರ್ಥ ಹೇಳಿಕೊಟ್ಟರೆ ಮಾತ್ರ ಸಾರುತ್ತೇನೆ ಅಂದ. ಅವರು ಬೈದರು, ಆಮೇಲೆ ವರ್ಷದ ಪಟ್ಟಿಯನ್ನೇ ಮುಂದಿಟ್ಟು ಒಂದೊಂದನ್ನೂ ಬಿಡಿಸಿ ಹೇಳಿದರು. ಅವನು ಹಾಜರಿ ಕೂಗುವ ಹಾಗೆ ಬಾಯಿಪಾಠ ಮಾಡಿಕೊಂಡ. ಚರಿತ್ರೆಯಿಂದ ವೈದ್ಯದವರೆಗೆ, ಹದಿಮೂರು.

ಒಂದು ತಿಂಗಳಾಯಿತು. ಬಸ್ಸಿನಿಂದ ಇಳಿದದ್ದು ದಪ್ಪ ಕನ್ನಡಕದ ಒಬ್ಬ ಗಂಡಸು. ಪಾಲಣ್ಣ ಅವರ ಚೀಲ ಹಿಡಿದು, "ತಾವು ವೈದ್ಯಶಾಸ್ತ್ರವಾ ಸ್ವಾಮಿ?" ಎಂದು ಕೇಳಿದ. ಅಲ್ಲಪ್ಪ, ಅರ್ಥಶಾಸ್ತ್ರ ಅಂದರು. ಆ ದಿನ ಅವನ ಸಾರುವಿಕೆಯಲ್ಲಿ ಜೀವವಿರಲಿಲ್ಲ. "ಅರ್ಥಶಾಸ್ತ್ರ. ಪದದ ಅರ್ಥ ಅಲ್ಲ, ಕನಸಿನ ಅರ್ಥಾನೂ ಅಲ್ಲ. ನಾಡಿನ ಬದುಕಿನ ವಿಚಾರ. ಕೇಳ್ಕಂಡೇ ಹೇಳ್ತಾ ಇದೀನಿ" ಎಂದು ಹೋದ. ಮನೆಗೆ ಬಂದು ಉಣ್ಣದೆ ಮಲಗಿದ. ಬರೆದುಕೊಂಡೋರು ಮರೆತಿರ್ತಾರೆ, ನೂರು ಊರಿಗೆ ಹೋಗೋರು ಅಂದಳು ನರಸಿಂಹಮ್ಮ. ಅವಳು ಆಸೆ ಇಟ್ಟುಕೊಂಡಿರಲಿಲ್ಲ. ಇಟ್ಟುಕೊಳ್ಳಬಾರದು ಎಂದು ಗಟ್ಟಿಮಾಡಿಕೊಂಡಿದ್ದಳು.

ಎಂಟು ತಿಂಗಳು ತುಂಬಿದ ವಾರ ಬಸ್ಸಿನಿಂದ ಒಬ್ಬ ಹೆಂಗಸು ಇಳಿದರು. ಬಿಳೀ ಸೀರೆ, ಕೈಯಲ್ಲಿ ತೊಗಲಿನ ಚೀಲ. ಸರೋಜಮ್ಮ ಎಂದು ಹೆಸರು, ಹೆರಿಗೆ ಡಾಕ್ಟರು. ಇಳಿದ ಕೂಡಲೇ, "ಇಲ್ಲಿ ಮೂರು ಮಕ್ಕಳನ್ನು ಕಳೆದುಕೊಂಡ ತಾಯಿ ಯಾರು?" ಎಂದು ಕೇಳಿದರು. ಪಾಲಣ್ಣ ಚೀಲ ಹೊತ್ತು ಮುಂದೆ ನಡೆದ. ಅವರು ಹಿಂದೆ ಬಂದರು. ಸ್ಕೂಲಿಗಿಂತ ಮೊದಲು ಮನೆಗೆ ಬಂದರು.

ಸಾಯಂಕಾಲ ಸ್ಕೂಲಿನಲ್ಲಿ ಗಂಡಸರನ್ನು ಆಚೆ ಕಳಿಸಿ ಹೆಂಗಸರಿಗೆ ಮಾತ್ರ ಹೇಳಿದರು. ಪಾಲಣ್ಣ ಬಾಗಿಲ ಹೊರಗೆ ಗೋಡೆಗೆ ಕಿವಿ ಇಟ್ಟುಕೊಂಡಿದ್ದ. ಅದು ಗ್ರಹವಲ್ಲ, ದೃಷ್ಟಿಯಲ್ಲ ಅಂದರು ಡಾಕ್ಟರು. ಹೊಕ್ಕುಳು ಕೊಯ್ಯುವ ಕುಡುಗೋಲಿನಲ್ಲಿ, ಹಚ್ಚುವ ಸಗಣಿಯಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತದೆ. ಅದು ಹಸೀ ಹೊಕ್ಕುಳಿಂದ ಒಳಗೆ ಹೋಗುತ್ತದೆ. ಚಾಕು, ದಾರ ಎರಡನ್ನೂ ಕುದಿಯುವ ನೀರಲ್ಲಿ ಕಾಲು ಗಂಟೆ ಇಡಿ. ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಹೊಕ್ಕುಳಿಗೆ ಏನೂ ಹಚ್ಚಬೇಡಿ.

ಕೆಂಚಜ್ಜಿ ಎಲೆ ಅಡಿಕೆ ಉಗಿದು ಬಂದಳು. "ನನ್ನ ಕುಡುಗೋಲು ಅಂತೀಯಾ ತಾಯಿ? ಈ ಊರಲ್ಲಿ ಅರ್ಧ ಜನ ನನ್ನ ಕೈಗೇ ಬಿದ್ದೋರು."

"ಹೌದಂತೆ ಅಜ್ಜಿ. ನಾನು ಮುನ್ನೂರು ಹೆರಿಗೆ ಮಾಡಿಸಿದ್ದೀನಿ. ನೀವು ನನಗಿಂತ ದೊಡ್ಡೋರು. ಎಂಟನೆ ದಿನದಲ್ಲಿ ಹೋದವು ಎಷ್ಟು?"

ಕೆಂಚಜ್ಜಿ ಬೆರಳು ಮಡಿಸಿ ಎಣಿಸತೊಡಗಿ, ಒಂದು ಕೈ ಮುಗಿದ ಮೇಲೆ ಹೋಗಿ ಕೂತಳು.

ಪಾಲಣ್ಣ ಕಮ್ಮಾರ ಚಿಕ್ಕಹನುಮಯ್ಯನ ಹತ್ತಿರ ಒಂದು ಚಾಕು ಮಾಡಿಸಿದ. ಮರದ ಹಿಡಿ ಬೇಡ, ಹಿಡಿಯೂ ಕಬ್ಬಿಣದ್ದೇ ಇರಲಿ, ನೀರಲ್ಲಿ ಪೂರಾ ಮುಳುಗಬೇಕು ಎಂದು ಹೇಳಿ ಮಾಡಿಸಿದ. ಕಾಲು ಗಂಟೆಯೇ ತೊಡಕಾಯಿತು. ಮನೆಯಲ್ಲಿ ಗಡಿಯಾರವಿಲ್ಲ. ಅವನು ಸ್ಕೂಲಿನ ಗಡಿಯಾರದ ಮುಂದೆ ನಿಂತು, ಸಾರುವ ಹಾಗೆ ಶಾಸ್ತ್ರಗಳ ಪಟ್ಟಿ ಹೇಳಿ ನೋಡಿದ. ಒಂದೊಂದು ಹೆಸರಾದ ಮೇಲೂ ಗಂಟೆ ಎರಡು ಸಲ ಬಾರಿಸುವಷ್ಟು ಬಿಡುವು. ಹದಿಮೂರು ಮುಗಿಯುವ ಹೊತ್ತಿಗೆ ಸರಿಯಾಗಿ ಒಂದು ನಿಮಿಷ. ಹಾಗೆ ಹದಿನೈದು ಸಲ. ಒಂದು ಕೈಯ ಐದು ಬೆರಳಿಗೆ ಮೂರು ಮೂರು ಗೆರೆ, ಹದಿನೈದಾಯಿತು. ಕೈ ಮುಗಿದರೆ ಕಾಲು ಗಂಟೆ ಮುಗಿಯಿತು.

ನೋವು ಬಂದದ್ದು ಒಂದು ಶುಕ್ರವಾರ, ಹೊತ್ತು ನೆತ್ತಿಗೆ ಬರುವಾಗ. ಕೆಂಚಜ್ಜಿ ಬಂದಳು. ಸೋಪಿನಲ್ಲಿ ಕೈ ತೊಳೆದಳು, ಗೊಣಗುತ್ತಾ ತೊಳೆದಳು. ಕುಡುಗೋಲು ಮಾತ್ರ ಸೊಂಟದಲ್ಲೇ ಇತ್ತು. ಪಾಲಣ್ಣ ಅಂಗಳದಲ್ಲಿ ಮೂರು ಕಲ್ಲಿಟ್ಟು ಗಡಿಗೆ ಏರಿಸಿದ. ನೀರು ಬೇಗ ಮರಳಲಿಲ್ಲ. ಮರಳಿದ ಮೇಲೆ ಶುರುಮಾಡಿದ.

"ಚರಿತ್ರೆ. ಖಗೋಳ. ಭೂಗರ್ಭ."

ಹೆದರಿಕೆಗೆ ಅವನ ಗಂಟಲು ಪೂರ್ತಿ ಬಿಚ್ಚಿಕೊಂಡಿತು. ಕೋಟೆ ಬೀದಿಯ ಜನ ಬಾಗಿಲಿಗೆ ಬಂದರು. ಇವತ್ತು ಯಾವ ಉಪನ್ಯಾಸ ಎಂದು ಯಾರೋ ಕೇಳಿದರು.

ಒಂಬತ್ತನೆ ಗೆರೆಯಲ್ಲಿ ಇರುವಾಗ ಮಗು ಬಂತು. ಅಳು ಹೊರಗೆ ಕೇಳಿಸಿತು.

"ಲೇ ಪಾಲ, ತತ್ತಾರ್ಲಾ ಚಾಕು" ಎಂದು ಕೂಗಿದಳು ಕೆಂಚಜ್ಜಿ.

"ಇನ್ನೂ ಆರು ಗೆರೆ ಐತಜ್ಜಿ."

"ಮಗ ಬಿದ್ದಾಯ್ತು ಕಣ್ಲಾ. ನಿನ್ನ ಶಾಸ್ತ್ರ ಮುಗಿಯೋಗಂಟ ಕಾಯ್ತದ ಅದು? ನಿನ್ನ ಹೊಕ್ಕುಳಾನೂ ಇದೇ ಕುಡುಗೋಲಲ್ಲಿ ಕೊಯ್ದಿದ್ದು. ಸತ್ತೋದ್ಯ ನೀನು?"

ಅವಳ ಕೈ ಸೊಂಟಕ್ಕೆ ಹೋಯಿತು. ಹೊರಗೆ ಪಾಲಣ್ಣ ಏನೂ ಮಾಡಲಾರ, ಹೆರುವ ಕೋಣೆಗೆ ಗಂಡಸು ಬರುವ ಹಾಗಿಲ್ಲ. ನರಸಿಂಹಮ್ಮ ಚಾಪೆಯಿಂದ ಕೈ ಚಾಚಿ ಮುದುಕಿಯ ಮಣಿಕಟ್ಟು ಹಿಡಿದಳು. ಅವಳ ಮೈಯಲ್ಲಿ ಆಗ ಕಸುವೇ ಇರಲಿಲ್ಲ. ಆದರೂ ಹಿಡಿದಳು.

"ಕಾಯಜ್ಜಿ" ಅಂದಳು. "ಮೂರು ಸಲ ನೀನು ಹೇಳಿದ್ದು ಕೇಳಿದೆ. ಈ ಸಲ ನಂದು ಕೇಳು."

ಕೆಂಚಜ್ಜಿ ಅವಳ ಮುಖ ನೋಡಿದಳು. ಆ ಮೂರು ಮಕ್ಕಳನ್ನೂ ಎತ್ತಿಕೊಂಡವಳು ಅವಳೇ. ಕುಡುಗೋಲು ಬಿಟ್ಟಳು. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಹೊಕ್ಕುಳು ಬಳ್ಳಿಯ ಸಮೇತ ತಾಯಿಯ ಹೊಟ್ಟೆಯ ಮೇಲೆ ಮಲಗಿಸಿ, ಗೋಡೆಗೆ ಒರಗಿ ಕೂತಳು. ಆರು ಗೆರೆ ಅಷ್ಟು ಉದ್ದ ಇರುತ್ತದೆ ಎಂದು ನರಸಿಂಹಮ್ಮನಿಗೆ ಗೊತ್ತಿರಲಿಲ್ಲ. ರಸಾಯನ. ಭೌತ. ಗಣಿತ. ಗಂಡನ ಗಂಟಲು ಒಂದು ಸಲವೂ ಅವಸರ ಮಾಡಲಿಲ್ಲ. ಕೊನೆಯ ಗೆರೆಗೆ ಬರುವಾಗ ಕೆಂಚಜ್ಜಿಯ ತುಟಿಯೂ ಅಲ್ಲಾಡುತ್ತಿತ್ತು. "ಅರ್ಥ. ರಾಜ್ಯ. ತರ್ಕ. ಮುಗಿಸ್ಲಾ ಬೇಗ" ಎಂದು ತಾನೂ ಹೇಳುತ್ತಿದ್ದಳು.

ಚಾಕು ಬಂತು. ಕುದಿಸಿದ ದಾರ ಬಂತು. ಕೊಯ್ದು ಕಟ್ಟಿದಳು. ಸಗಣಿ ಹಚ್ಚಲಿಲ್ಲ. ಹೆಣ್ಣು ಮಗು.

ಆಮೇಲೆ ಕಾಯುವುದು. ನಾಲ್ಕು ದಿನ, ಐದು ದಿನ. ಆರನೆ ದಿನ ಬೆಳಿಗ್ಗೆ ಮಗು ಒಂದು ಗಳಿಗೆ ಮೊಲೆ ಹಿಡಿಯಲಿಲ್ಲ. ನರಸಿಂಹಮ್ಮ ಅದರ ತುಟಿಗೆ ಬೆರಳಿಟ್ಟು ನೋಡಿದಳು. ಬಾಯಿ ತೆರೆಯಿತು, ಬೆರಳನ್ನು ಚೀಪಿತು, ಹಾಲಿಲ್ಲವೆಂದು ಸಿಟ್ಟಿಗೆದ್ದು ಅತ್ತಿತು. ಅಳು ಕೇಳಿ ಅವಳು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಏಳು ದಿನ ಕಳೆಯಿತು. ಎಂಟು. ಪಾಲಣ್ಣ ಒಂಬತ್ತನೆ ದಿನ ಸ್ಕೂಲಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿಬಿಟ್ಟ. ಮಕ್ಕಳೆಲ್ಲ ಮನೆಗೆ ಓಡಿದವು. ರೇಣುಕಯ್ಯನವರು ಬೈಯಲಿಲ್ಲ.

ಹನ್ನೊಂದನೆ ದಿನ ಕೆಂಚಜ್ಜಿ ಬಂದು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹೊಕ್ಕುಳು ನೋಡಿದಳು. ಆಮೇಲೆ, "ಆ ಚಾಕು ನನಗೆ ಕೊಡ್ಲಾ ಪಾಲ" ಅಂದಳು. ಕೊಟ್ಟ. "ಶಾಸ್ತ್ರ ನಂಗೆ ಬಾಯಿಗೆ ಬರಾಕಿಲ್ಲ. ನೀನೇ ಬಂದು ಹೇಳ್ಬೇಕು." ಅವಳು ಆ ಕುಡುಗೋಲನ್ನು ಆಮೇಲೆ ಹುಲ್ಲು ಕೊಯ್ಯುವುದಕ್ಕೆ ಮಾತ್ರ ಇಟ್ಟುಕೊಂಡಳು. ಅವಳು ಹೆರಿಗೆಗೆ ಹೋದ ಕಡೆಗೆಲ್ಲ ಪಾಲಣ್ಣನಿಗೆ ಕರೆ ಬರುತ್ತಿತ್ತು. ಅಂಗಳದಲ್ಲಿ ಗಡಿಗೆಯ ಮುಂದೆ ಕೂತು ಚರಿತ್ರೆಯಿಂದ ವೈದ್ಯದವರೆಗೆ ಸಾರುತ್ತಿದ್ದ. ಪಾಲಣ್ಣನ ಗಂಟಲು ಕೇಳಿದರೆ ಯಾರದೋ ಮನೆಯಲ್ಲಿ ಹೆರಿಗೆ ಎಂದು ಊರಿಗೆ ಗೊತ್ತಾಗುತ್ತಿತ್ತು. ಯೂನಿವರ್ಸಿಟಿಯವರ ಉಪನ್ಯಾಸಕ್ಕೆ ಬರದವರಿಗೂ ಆ ಹದಿಮೂರು ಹೆಸರು ಬಾಯಿಗೆ ಬಂದವು.

ಎರಡು ವರ್ಷದ ಮೇಲೆ ಪರ್ವತಯ್ಯನವರು ಮತ್ತೆ ಬಂದರು. ಪಾಲಣ್ಣ ಮಗಳು ಗಂಗಲಕ್ಷ್ಮಿಯನ್ನು ಎತ್ತಿಕೊಂಡು ಹೋಗಿ ಅವರ ಕಾಲ ಹತ್ತಿರ ಬಿಟ್ಟ. ಮಗು ಮೇಜಿನ ಮೇಲಿನ ಒಂದು ಕಲ್ಲು ಕಿತ್ತುಕೊಂಡಿತು.

"ಇದು ನನ್ನ ಶಾಸ್ತ್ರದ್ದಲ್ಲವಲ್ಲಪ್ಪ" ಎಂದು ನಕ್ಕರು ಅವರು.

"ತಮ್ದೇ ಸ್ವಾಮಿ" ಅಂದ ಪಾಲಣ್ಣ. "ಭೂ ಒಂದು ನಾನು ನುಂಗಿದ್ದು."

ಆ ಕಲ್ಲು ಇನ್ನೂ ಮನೆಯಲ್ಲಿದೆ. ಬಾಗಿಲು ಹೊಡೆದುಕೊಳ್ಳದ ಹಾಗೆ ಅಡ್ಡ ಇಡುತ್ತಾರೆ. ಸರೋಜಮ್ಮ ಡಾಕ್ಟರು ಮತ್ತೆ ಬರಲಿಲ್ಲ. ಎಲ್ಲಿದ್ದಾರೋ. ನರಸಿಂಹಮ್ಮ ದೇವರಿಗೆ ದೀಪ ಹಚ್ಚುವಾಗ ಡಾಕ್ಟರದ್ದು, ಪರ್ವತಯ್ಯನವರದ್ದು, ಇಬ್ಬರ ಹೆಸರೂ ಹೇಳುತ್ತಾಳೆ. ಬೇರೇನು ಕೊಡುವುದಕ್ಕೆ ಅವಳಿಗೆ ಬರುವುದಿಲ್ಲ. ಹೆಸರು ಹೇಳುವುದು ಬರುತ್ತದೆ.

ಕೆಂಚಜ್ಜಿ ಸಾಯುವಾಗ ಚಾಕುವನ್ನು ನರಸಿಂಹಮ್ಮನ ಕೈಯಲ್ಲಿಟ್ಟಳು. ಅದಾಗಲೇ ಅವಳು ಮುದುಕಿಯ ಹಿಂದೆ ನಾಲ್ಕು ವರ್ಷ ಓಡಾಡಿ ಕೆಲಸ ಕಲಿತಿದ್ದಳು. ಕೊಡಿಗೇನಹಳ್ಳಿಯಿಂದಲೂ ಗಾಡಿ ಕಟ್ಟಿಕೊಂಡು ಬಂದು ಕರೆಯುತ್ತಿದ್ದರು. ಕರೆ ಬಂದ ಮೇಲೆ ನೀರು ಕಾಯಿಸಿಕೊಂಡು ಕೂರುವುದಕ್ಕೆ ಕೆಲವು ಕೂಸುಗಳು ಬಿಡುವು ಕೊಡುವುದಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಚಾಕು ಕುದಿಸಿ ಸುತ್ತಿ ಇಟ್ಟಿರೋಣ ಅಂದವನು ಪಾಲಣ್ಣ. ಅವಳು ಒಲೆ ನೋಡುವುದು, ಅವನು ಗೆರೆ ಒತ್ತುವುದು. ಹೆರಿಗೆ ಮನೆಗೆ ಹೋದಲ್ಲಿ ಬಿಡುವಿದ್ದರೆ ಮತ್ತೆ ಕುದಿಸುವುದು. ಹೀಗೆ ವರ್ಷಗಳು ಹೋದವು. ಅವಳ ಕೈಯ ಮಕ್ಕಳಲ್ಲಿ ಬಾಯಿ ಕಚ್ಚಿಕೊಂಡು ಹೋದದ್ದು ಒಂದೇ ಒಂದು, ಅದೂ ಮನೆಯವರು ಕದ್ದು ಸಗಣಿ ಹಚ್ಚಿದ್ದು.

ಅವನು ಸತ್ತಾಗ ಬಂದ ಜನ ಎಷ್ಟು ಎಂದು ಅವಳು ನೋಡಲಿಲ್ಲ. ರೇಣುಕಯ್ಯನವರು ರಿಟೈರಾಗಿ ಕೊರಟಗೆರೆಯಲ್ಲಿದ್ದವರು, ಬಂದರು. ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅಂಗಳದ ತುಂಬ ಮಕ್ಕಳು. ಹೆಣ ಎತ್ತುವಾಗ ಒಂದು ನಾಲ್ಕು ವರ್ಷದ್ದು, "ಚರಿತ್ರೆ ಮಾಮ ಎಲ್ಗೋತಾರೆ?" ಎಂದು ತಾಯಿಯನ್ನು ಕೇಳಿತು. ತಾಯಿ ಅದರ ಬಾಯಿ ಮುಚ್ಚಿದಳು. ಕೇಳಲಿ ಬುಡಮ್ಮ ಅಂದಳು ನರಸಿಂಹಮ್ಮ.

ಹನ್ನೊಂದು ದಿನ ಚಾಕು ಬಟ್ಟೆಯಲ್ಲೇ ಇತ್ತು. ಸೂತಕದ ಮನೆಯವಳನ್ನು ಯಾರೂ ಹೆರಿಗೆಗೆ ಕರೆಯಲಿಲ್ಲ. ಹನ್ನೆರಡನೆ ದಿನ ಬೆಳಿಗ್ಗೆ ಎದ್ದು ಒಲೆ ಹಚ್ಚಿದಳು. ಗಡಿಗೆ ಇಟ್ಟಳು. ಚಾಕು ಬಿಟ್ಟಳು. ನೀರು ಮರಳಿತು. ಹೇಳುವವರು ಯಾರೂ ಇಲ್ಲ. ಸ್ವಲ್ಪ ಹೊತ್ತು ಹಾಗೇ ಮರಳಲು ಬಿಟ್ಟಳು. ಆಮೇಲೆ ಕೈ ಚಾಚಿ ಮೊದಲನೆ ಗೆರೆಗೆ ಬೆರಳಿಟ್ಟಳು.

ಈಗಲೂ ದಿನಾ ಹಾಗೇ. ಮಗಳಿಗೆ ಇನ್ನೂ ಎಚ್ಚರವಾಗಿರುವುದಿಲ್ಲ. ನರಸಿಂಹಮ್ಮನ ಗಂಟಲು ಸಣ್ಣದು, ಒಲೆಯ ಆಚೆಗೆ ಕೇಳುವುದಿಲ್ಲ. ಒಂದೊಂದು ಹೆಸರಿಗೂ ಗಂಟೆ ಎರಡು ಸಲ ಬಾರಿಸುವಷ್ಟು ಬಿಡುವು ಕೊಡುತ್ತಾಳೆ. ರಾಜ್ಯ ಆದ ಮೇಲೆ ತರ್ಕ ಹೇಳುತ್ತಾಳೆ, ಬಿಡುವುದಿಲ್ಲ. ಹದಿನೈದು ಗೆರೆ ಮುಗಿದ ಮೇಲೆ ಕುದಿಸಿದ ಕಡ್ಡಿಯಿಂದ ಚಾಕು ಎತ್ತಿ, ನೀರು ಬಸಿದು, ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಡುತ್ತಾಳೆ. ಆಮೇಲೆ ಅದೇ ಒಲೆಯ ಮೇಲೆ ಮುದ್ದೆಗೆ ಎಸರು ಇಡುತ್ತಾಳೆ.